ದೋಷ: ಇಲ್ಲ

ಮೊನ್ನೆ ಚಿಕ್ಕಮಗಳೂರಿನಲ್ಲಿ ಹೊಸದಾಗಿ ತೆರೆದ ಪುಸ್ತಕದಂಗಡಿಯೊಂದಕ್ಕೆ ಹೋಗಿದ್ದೆ. ಪುಸ್ತಕದಂಗಡಿ ಎನ್ನುವುದು ಅವರ ಮಾತು. ಅದರ ಮುಕ್ಕಾಲು ಪಾಲು ನೊರೆಯ ಕಾಫಿ ಮಾರುವ ಜಾಗ. ಉಳಿದ ಕಾಲು ಪಾಲಿನಲ್ಲಿ ಪುಸ್ತಕಗಳು ಗೋಡೆಗೆ ಒರಗಿ ನಿಂತಿದ್ದವು. ಒಂದೊಂದರ ಕೆಳಗೂ ಬಣ್ಣದ ಚೀಟಿ, ಚೀಟಿಯ ನೆತ್ತಿಯ ಮೇಲೆ 'ನಮ್ಮ ಸಿಬ್ಬಂದಿಯ ಮೆಚ್ಚಿನ ಓದು' ಎಂಬ ಅಚ್ಚು, ಕೆಳಗೆ ದುಂಡನೆಯ ಅಕ್ಷರದಲ್ಲಿ ಒಂದು ಹೊಗಳಿಕೆ, ಅದರ ಕೆಳಗೆ ಹೊಗಳಿದವರ ಹೆಸರು. ಎಂಟುನೂರು ಪುಟದ ಒಂದು ಕಾದಂಬರಿಯ ಕೆಳಗೆ 'ಒಂದೇ ಗುಕ್ಕಿನಲ್ಲಿ ಓದಿ ಮುಗಿಸಿದೆ' ಎಂದಿತ್ತು. ಪುಸ್ತಕ ಎತ್ತಿ ನೋಡಿದೆ. ಅದರ ಮೈಮೇಲಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ಹರಿದಿರಲಿಲ್ಲ.

ಹೊಗಳಿದ ಮಹಾಶಯ ಅಲ್ಲೇ ಕಾಫಿ ಕಪ್ಪು ಒರೆಸುತ್ತ ನಿಂತಿದ್ದ. ಇದನ್ನು ಓದಿದವರು ನೀವೇನಾ ಎಂದು ಕೇಳಿದೆ. ಅವನಿಗೆ ನಾಚಿಕೆಯೂ ಆಗಲಿಲ್ಲ, ಬೇಜಾರೂ ಆಗಲಿಲ್ಲ. ಬರಹವೆಲ್ಲ ಬೆಂಗಳೂರಿನಿಂದಲೇ ಬರುತ್ತದೆ, ನಾವು ಕೆಳಗೆ ಹೆಸರು ಹಾಕುವುದಷ್ಟೆ ಎಂದ. ನಾನು ಮೂಗು ಮುರಿದು ಹೊರಗೆ ಬಂದೆ. ಬಸ್ ಸ್ಟ್ಯಾಂಡ್ ತಲುಪುವವರೆಗೂ ಅವನನ್ನು ಮನಸ್ಸಿನಲ್ಲೇ ಚೆನ್ನಾಗಿ ಬೈದೆ. ಬೈದು ಮುಗಿದ ಮೇಲೆ ಒಂದು ವಿಷಯ ನೆನಪಾಗಿ ಬಾಯಿ ಕಹಿಯಾಯಿತು. ಓದದ ಪುಸ್ತಕವನ್ನು ಚೀಟಿ ಬರೆದು ಹೊಗಳುವ ಕಲೆಯಲ್ಲಿ ಈ ಊರಿಗೆ ಮೊದಲ ಪಂಡಿತ ನಾನೇ.

ನೀವು ನಂಬಲಿಕ್ಕಿಲ್ಲ. ಆದರೆ ಪುಸ್ತಕದ ಶಿಫಾರಸು ಎಂಬ ವಿದ್ಯೆ ನನಗೆ ಹುಟ್ಟಿನಿಂದಲೇ ಬಂದದ್ದು. ನನ್ನ ಸೋದರಮಾವ ಹೊರನಾಡಿನ ದೇವಸ್ಥಾನದ ಬೀದಿಯಲ್ಲಿ ಒಂದು ಅಂಗಡಿ ಇಟ್ಟಿದ್ದರು. ಕುಂಕುಮ, ಬಳೆ, ದೇವರ ಪಟ, ಅದರ ಪಕ್ಕದಲ್ಲಿ ಸಾಲಾಗಿ ಸ್ತೋತ್ರದ ಕಿರುಹೊತ್ತಗೆಗಳು. ನಮ್ಮೂರು ಕಳಸದಿಂದ ನಾನು ರಜೆಗೆ ಹೋದಾಗ ಅವರ ವ್ಯಾಪಾರ ನೋಡುತ್ತ ಕೂರುತ್ತಿದ್ದೆ. ಬಂದವರ ಮುಖ ನೋಡಿಯೇ ಮಾವ ಪುಸ್ತಕ ಕೈಗಿಡುತ್ತಿದ್ದರು. ಮದುವೆಯಾಗದ ಮಗಳನ್ನು ಕರೆದುಕೊಂಡು ಬಂದವರಿಗೆ ಹಳದಿ ರಟ್ಟಿನದು, ಕೋರ್ಟು ಕಚೇರಿ ಸುತ್ತಿ ಸೋತವರಿಗೆ ಕೆಂಪು, ಹೊಟ್ಟೆನೋವಿನವರಿಗೆ ಹಸಿರು. ಒಮ್ಮೆ ಹಸಿರು ಮುಗಿದುಹೋಗಿ ಹೊಟ್ಟೆನೋವಿನ ಹೆಂಗಸೊಬ್ಬರಿಗೆ ಹಳದಿಯದನ್ನೇ ಕೊಟ್ಟರು. ನಾನು ಬೆರಗಾಗಿ ಕೇಳಿದ್ದಕ್ಕೆ, ಒಳಗೆಲ್ಲ ಒಂದೇ ಕಣೋ, ಅಚ್ಚುಕೂಟದವನು ರಟ್ಟು ಮಾತ್ರ ಬೇರೆ ಬೇರೆ ಹಾಕ್ತಾನೆ ಅಂದರು. ಆ ಮಾತು ನನ್ನ ಮುಂದಿನ ಸಾಹಿತ್ಯ ಜೀವನಕ್ಕೆ ಇಷ್ಟು ನೆರವಾಗುತ್ತದೆಂದು ಆಗ ಗೊತ್ತಿರಲಿಲ್ಲ.

ಕನ್ನಡದಲ್ಲಿ ಬಿ.ಎ. ಮಾಡಿ, ಮೇಷ್ಟರಾಗುವ ಆಸೆ ಕೈಗೂಡದೆ, ತೊಂಬತ್ತರ ದಶಕದ ನಡುವಿನಲ್ಲಿ ನಾನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನ ಆಫೀಸಿಗೆ ಗುಮಾಸ್ತನಾಗಿ ಸೇರಿದೆ. ಬಾಳೂರು, ಮೂಡಿಗೆರೆ, ಕಳಸದ ಕಡೆಯ ತೋಟಗಳಿಂದ ಬಂದ ಕಾಫಿಯನ್ನು ಸಿಪ್ಪೆ ಬಿಡಿಸಿ, ಗಾತ್ರ ನೋಡಿ ಬೇರ್ಪಡಿಸಿ, ಕೆಟ್ಟ ಬೀಜ ಆರಿಸಿ ತೆಗೆದು ಚೀಲಕ್ಕೆ ತುಂಬುವ ಕಾರ್ಖಾನೆ ಅದು. ಕಾಫಿಗೆ ಆಗ ಒಳ್ಳೆಯ ಕಾಲ. ಎಸ್ಟೇಟಿನವರೆಲ್ಲ ಹೊಸ ಜೀಪು ಕೊಳ್ಳುತ್ತಿದ್ದರು. ನಮ್ಮ ಮಾಲೀಕರು ಮಾತ್ರ ಜೀಪಿನ ಬದಲು ಹೊಸ ಮ್ಯಾನೇಜರನ್ನು ತಂದರು.

ಈ ಮ್ಯಾನೇಜರು ಎಲ್ಲೋ ಮೂರು ದಿನದ ತರಬೇತಿಗೆ ಹೋಗಿ ಬಂದ ಮೇಲೆ ಸಿಬ್ಬಂದಿಯನ್ನು ಉದ್ಧಾರ ಮಾಡಲು ಹೊರಟರು. ಹಳೆಯ ಪ್ಲಾಂಟರೊಬ್ಬರ ಮನೆ ಖಾಲಿ ಮಾಡುವಾಗ ಯಾರಿಗೂ ಬೇಡವಾದ ಮುನ್ನೂರು ಪುಸ್ತಕಗಳು ನಮ್ಮ ಕಾರ್ಖಾನೆಗೆ ಬಂದು ಬಿದ್ದಿದ್ದವು. ಅವನ್ನು ಒಂದು ಕಬ್ಬಿಣದ ಬೀರುವಿಗೆ ತುಂಬಿಸಿ, ಬೀಗದ ಕೈಯನ್ನು ನನಗೆ ಕೊಟ್ಟು, ಸಿಬ್ಬಂದಿಯಲ್ಲಿ ಪ್ರತಿಯೊಬ್ಬರೂ ತಿಂಗಳಿಗೆ ಒಂದು ಪುಸ್ತಕ ಓದಿ ಅದನ್ನು ಇತರರಿಗೆ ಶಿಫಾರಸು ಮಾಡತಕ್ಕದ್ದು ಎಂದು ಆಜ್ಞೆ ಹೊರಡಿಸಿದರು. ಶಿಫಾರಸುಗಳನ್ನು ಗೇಟಿನ ಪಕ್ಕದ ಬೋರ್ಡಿನ ಮೇಲೆ ಹಚ್ಚಬೇಕು. ಬರೆಯಲು ಹೊಸ ಕಾಗದ ದಂಡವೆಂದು, ಗೋಡೌನಿನಲ್ಲಿ ಮಿಕ್ಕಿದ್ದ ಕಾಫಿ ಸ್ಯಾಂಪಲ್ಲಿನ ಚೀಟಿಗಳನ್ನೇ ಕೊಟ್ಟರು. ಅದರಲ್ಲಿ ಮೊದಲೇ ಕಾಲಮ್ಮುಗಳು ಅಚ್ಚಾಗಿದ್ದವು: ಲಾಟ್ ನಂಬರು, ಬಣ್ಣ, ವಾಸನೆ, ತೇವ, ದೋಷ, ಷರಾ.

ಹಿಂಬದಿಯಲ್ಲಿ ಬರೆಯಲಿ ಎಂಬುದು ಅವರ ಯೋಚನೆ. ಆದರೆ ಕ್ಯೂರಿಂಗ್ ವರ್ಕ್ಸಿನಲ್ಲಿ ಹತ್ತಿಪ್ಪತ್ತು ವರ್ಷ ಸವೆಸಿದವರ ಕೈಗೆ ಆ ಚೀಟಿ ಕೊಟ್ಟರೆ ಅವರು ಅದನ್ನು ತಿರುಗಿಸಿ ನೋಡುತ್ತಾರೆಯೆ? ಮೊದಲ ತಿಂಗಳೇ ಎಲ್ಲರೂ ಕಾಲಮ್ಮು ಬಿಡದೆ ಭರ್ತಿ ಮಾಡಿಕೊಟ್ಟರು. ಅಕೌಂಟೆಂಟರು ಒಂದು ಅಧ್ಯಾತ್ಮದ ಗ್ರಂಥ ಆರಿಸಿಕೊಂಡಿದ್ದರು. ಬಣ್ಣ: ಕಾವಿ. ವಾಸನೆ: ಜಿರಲೆ. ತೇವ: ಭಕ್ತಿರಸ ಸಾಕಷ್ಟಿದೆ. ದೋಷ: ಇಲ್ಲ. ಷರಾ: ಎಲ್ಲವೂ ಮಾಯೆ. ಈ ಮನುಷ್ಯ ಒಂದು ರಬ್ಬರು ಕಾಣೆಯಾದರೆ ಇಡೀ ಆಫೀಸಿನ ಡ್ರಾಯರುಗಳನ್ನು ತಲೆಕೆಳಗು ಮಾಡಿಸುತ್ತಿದ್ದವರು. ರಬ್ಬರಿಗೆ ಬಂದಾಗ ಮಾಯೆ ಎಲ್ಲಿಗೆ ಹೋಗುತ್ತಿತ್ತೋ ಆ ಗ್ರಂಥದಲ್ಲಿ ಬರೆದಿರಬೇಕು. ಗ್ರಂಥ ಮಾತ್ರ ಅವರ ಮೇಜಿನ ಮೇಲೆ ಟೆಲಿಫೋನಿನ ಕೆಳಗೆ ಮಣೆಯಾಗಿ ವರ್ಷಗಟ್ಟಲೆ ಇತ್ತು.

ಮ್ಯಾನೇಜರದ್ದು ಇಂಗ್ಲಿಷಿನ ವ್ಯಕ್ತಿತ್ವ ವಿಕಸನ. ಬೆಳಗ್ಗೆ ಬೇಗ ಏಳುವವನು ಜಗತ್ತನ್ನು ಗೆಲ್ಲುತ್ತಾನೆ ಎಂಬುದು ಅದರ ಸಾರವೆಂದು ಹತ್ತೂವರೆಗೆ ಆಫೀಸಿಗೆ ಬಂದು ನಮಗೆ ವಿವರಿಸುತ್ತಿದ್ದರು. ಸ್ಟೋರ್ ಕೀಪರದ್ದು ಮನೆಮದ್ದಿನ ಪುಸ್ತಕ. ಅದೊಂದು ಶಿಫಾರಸು ನಿಜವಾಗಿಯೂ ಫಲ ಕೊಟ್ಟಿತು. ಆ ತಿಂಗಳು ಅರ್ಧ ಆಫೀಸು ಬೆಳಗ್ಗೆ ಹಸಿ ಬೆಳ್ಳುಳ್ಳಿ ಜಗಿದು ಬರುತ್ತಿದ್ದರಿಂದ, ವಾಸನೆಯ ಕಾಲಂ ಯಾಕಿದೆ ಎಂದು ಎಲ್ಲರಿಗೂ ತಿಳಿಯಿತು.

ಇವರೆಲ್ಲರನ್ನೂ ಮೀರಿಸಿದವರು ನಮ್ಮ ಕಾಫಿ ಟೇಸ್ಟರು. ಕಾಫಿಯನ್ನು ಚಮಚದಲ್ಲಿ ಸುರ್ರನೆ ಎಳೆದುಕೊಂಡು, ಬಾಯಲ್ಲಿ ಆಡಿಸಿ, ಉಗಿದು, ಇಂಥ ಎಸ್ಟೇಟಿನದು, ಇಷ್ಟು ದಿನ ಒಣಗಿದ್ದು ಎಂದು ಹೇಳುವವರು ಅವರು. ಒಂದು ತೊಟ್ಟು ನುಂಗುತ್ತಿರಲಿಲ್ಲ. ಪುಸ್ತಕವನ್ನೂ ಹಾಗೆಯೇ ಓದಿದರು. ಪತ್ತೇದಾರಿ ಕಾದಂಬರಿಯ ಮೊದಲ ಇಪ್ಪತ್ತು ಪುಟ ಓದಿ, ಕೊಲೆಗಾರ ಯಾರೆಂದು ತೀರ್ಮಾನಿಸಿ, ಅದನ್ನು ಷರಾದಲ್ಲಿ ಬರೆದುಬಿಡುತ್ತಿದ್ದರು. 'ಒಳ್ಳೆಯ ಪುಸ್ತಕ. ಕೊಂದವನು ಅಡುಗೆಯವನು.' ಇದನ್ನು ಓದಿದ ಮೇಲೆ ಆ ಪುಸ್ತಕವನ್ನು ಯಾವ ಬಡಪಾಯಿ ಮುಟ್ಟುತ್ತಾನೆ? ಮೋಜೆಂದರೆ ಕೊಂದವನು ಅಡುಗೆಯವನಾಗಿರುತ್ತಲೇ ಇರಲಿಲ್ಲ.

ಟೆಲಿಫೋನ್ ನೋಡಿಕೊಳ್ಳುತ್ತಿದ್ದ ಹುಡುಗಿ ಮಾತ್ರ ತಿಂಗಳಿಗೆ ಒಂದಲ್ಲ, ನಾಲ್ಕು ಸಾಮಾಜಿಕ ಕಾದಂಬರಿ ಓದುತ್ತಿದ್ದಳು. ನಾಲ್ಕಕ್ಕೂ ಒಂದೇ ಷರಾ: ಕಣ್ಣೀರು ತಡೆಯಲಾಗಲಿಲ್ಲ. ನನಗೆ ಅವಳನ್ನು ಕಂಡರೆ ಎಲ್ಲರಿಗಿಂತ ಹೆಚ್ಚು ತಾತ್ಸಾರ. ಆ ಬೋರ್ಡಿನ ಮೇಲೆ ಹೆಸರಿದ್ದವರಲ್ಲಿ ಪುಸ್ತಕ ಓದುತ್ತಿದ್ದವಳು ಅವಳೊಬ್ಬಳೇ ಎಂಬುದು ಹೊಳೆಯಲು ನನಗೆ ಬಹಳ ವರ್ಷ ಬೇಕಾಯಿತು.

ಇನ್ನು ನನ್ನ ವಿಚಾರ. ನಾನು ಕನ್ನಡ ಬಿ.ಎ. ಅಲ್ಲವೆ? ಬೆಳ್ಳುಳ್ಳಿ, ಕೊಲೆ, ಕಣ್ಣೀರು ಇವೆಲ್ಲ ನನ್ನ ಘನತೆಗೆ ತಕ್ಕವಾಗಿರಲಿಲ್ಲ. ಬೀರುವಿನಲ್ಲಿದ್ದ ಅತ್ಯಂತ ದಪ್ಪ, ಅತ್ಯಂತ ಗಂಭೀರ ಪುಸ್ತಕಗಳೇ ನನ್ನವು. ಓದುವ ಕ್ರಮವೂ ನನ್ನದೇ. ಚೀಲದಲ್ಲಿ ಯಾವ ಕಾಫಿ ಇದೆ ಎಂದು ನೋಡಲು ನಮ್ಮಲ್ಲಿ ಇಡೀ ಚೀಲ ಬಿಚ್ಚುವುದಿಲ್ಲ. ಚೂಪು ಮೂತಿಯ ಕೊಳವೆಯನ್ನು ಮೇಲೊಂದು, ನಡುವೊಂದು, ಕೆಳಗೊಂದು ಕಡೆ ಚುಚ್ಚಿ ಹಿಡಿ ಬೀಜ ತೆಗೆದರೆ ಸಾಕು. ನಾನು ಪುಸ್ತಕಕ್ಕೂ ಹಾಗೆ ಮೂರು ಕಡೆ ಚುಚ್ಚುತ್ತಿದ್ದೆ. ಮೊದಲ ಪುಟ, ನಡುವಿನ ಪುಟ, ಕೊನೆಯ ಪುಟ. ಆಮೇಲೆ ಕಾಲೇಜಿನಲ್ಲಿ ಉರು ಹೊಡೆದ ಮಾತುಗಳು ಇದ್ದೇ ಇದ್ದವು. 'ಮಾನವ ಬದುಕಿನ ದುರಂತ ಪ್ರಜ್ಞೆಯನ್ನು ಹಲವು ಸ್ತರಗಳಲ್ಲಿ ಶೋಧಿಸುವ ಮಹತ್ಕೃತಿ. ದೋಷ: ಇಲ್ಲ.' ಹೀಗೆ ಬರೆದು, ಬೋರ್ಡಿನ ನಟ್ಟನಡುವೆ ಹಚ್ಚಿ, ದೂರ ನಿಂತು ಓದಿ ನಾನೇ ತಲೆದೂಗುತ್ತಿದ್ದೆ. ನನ್ನ ಶಿಫಾರಸು ನೋಡಿ ಒಬ್ಬನೇ ಒಬ್ಬ ಸಿಬ್ಬಂದಿ ಪುಸ್ತಕ ಕೇಳಲಿಲ್ಲ. ದಡ್ಡರು ಎಂದುಕೊಂಡು ನೆಮ್ಮದಿಯಾಗಿದ್ದೆ.

ಒಂದು ಮಾರ್ಚ್ ತಿಂಗಳ ಮಧ್ಯಾಹ್ನ ಜಲಜಕ್ಕ ಬಂದರು.

ಜಲಜಕ್ಕ ಬೀಜ ಆರಿಸುವ ದೊಡ್ಡ ಹಾಲಿನಲ್ಲಿ ಕೆಲಸ ಮಾಡುವವರು. ನಮ್ಮಲ್ಲಿ ಅದಕ್ಕೆ ಗಾರ್ಬ್ಲಿಂಗ್ ಎಂದು ದೊಡ್ಡ ಹೆಸರು. ಕಿಟಕಿಯ ಬೆಳಕಿಗೆ ಸಾಲಾಗಿ ಕೂತ ಹೆಂಗಸರು ಮುಂದೆ ಸುರಿದ ಕಾಫಿ ಬೀಜದಲ್ಲಿ ಕಪ್ಪು ತಿರುಗಿದ್ದು, ಒಡೆದದ್ದು, ಹುಳ ಹೊಡೆದದ್ದನ್ನು ಬೆರಳಲ್ಲಿ ಆರಿಸಿ ತೆಗೆಯುತ್ತಿದ್ದರು. ಬಾಳೂರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದ ಜಲಜಕ್ಕನಿಗೆ ಆಗ ಐವತ್ತರ ಆಸುಪಾಸು. ಕನ್ನಡಕದ ಒಂದು ಕಡ್ಡಿ ಮುರಿದು, ಅದರ ಜಾಗದಲ್ಲಿ ಚೀಲ ಹೊಲಿಯುವ ದಾರ ಕಟ್ಟಿಕೊಂಡಿದ್ದರು. ಬೋರ್ಡಿನಲ್ಲಿ ನಡುವೆ ಇರುವ ಆ ಪುಸ್ತಕ ಬೇಕಿತ್ತು ಅಂದರು. ಅದು ಸಿಬ್ಬಂದಿಗೆ ಮಾತ್ರ, ಲೇಬರಿಗಲ್ಲ ಎಂಬುದು ನಿಯಮ. ಆದರೆ ನನ್ನ ಚೀಟಿ ನೋಡಿ ಪುಸ್ತಕ ಕೇಳಿದ ಮೊದಲ ಜೀವ ಅದು! ನಿಯಮವನ್ನು ಬದಿಗಿಟ್ಟು ನನ್ನ ಹೆಸರಿನಲ್ಲೇ ಬರೆದುಕೊಂಡು ಕೊಟ್ಟೆ. ಇದು ಸ್ವಲ್ಪ ಕಷ್ಟದ ಪುಸ್ತಕ, ನಿಧಾನವಾಗಿ ಓದಿ ಎಂದು ಉಪದೇಶವನ್ನೂ ಸೇರಿಸಿದೆ.

ಅವರು ಓದುವುದು ತಮಗೊಬ್ಬರಿಗಾಗಿ ಅಲ್ಲ ಎಂದು ಆಮೇಲೆ ಗೊತ್ತಾಯಿತು. ಬೇಸಿಗೆಯಲ್ಲಿ ದಿನಾ ಮಧ್ಯಾಹ್ನ ಎರಡು ಗಂಟೆ ಕರೆಂಟು ಹೋಗುತ್ತಿತ್ತು. ಮೆಷಿನ್ನುಗಳೆಲ್ಲ ನಿಂತು ಕಾರ್ಖಾನೆ ತಣ್ಣಗಾದಾಗ ಬೀಜ ಆರಿಸುವ ಕೆಲಸವೊಂದೇ ನಡೆಯುವುದು. ಆ ಎರಡು ಗಂಟೆ ಜಲಜಕ್ಕ ಕೆಲಸ ನಿಲ್ಲಿಸಿ, ಕಿಟಕಿಗೆ ಬೆನ್ನು ಕೊಟ್ಟು ಗಟ್ಟಿಯಾಗಿ ಓದುತ್ತಿದ್ದರು. ಉಳಿದವರು ಬೀಜ ಆರಿಸುತ್ತ ಕೇಳುತ್ತಿದ್ದರು. ಓದಿದ್ದಕ್ಕೆ ಜಲಜಕ್ಕನ ದಿನದ ಪಾಲು ಕಮ್ಮಿಯಾಗಬಾರದಲ್ಲ, ಅದಕ್ಕೆ ಪ್ರತಿಯೊಬ್ಬರೂ ಆರಿಸಿ ಚೊಕ್ಕ ಮಾಡಿದ ಬೀಜದಲ್ಲಿ ಬೊಗಸೆ ಬೊಗಸೆ ಎತ್ತಿ ಅವರ ಕುಕ್ಕೆಗೆ ಹಾಕುತ್ತಿದ್ದರು. ಸೂಪರ್ವೈಸರು ಕಂಡೂ ಕಾಣದಂತೆ ಇದ್ದ. ಪುಸ್ತಕ ಚೆನ್ನಾಗಿದ್ದ ದಿನ ಕುಕ್ಕೆ ಬೇಗ ತುಂಬುತ್ತಿತ್ತಂತೆ.

ನನ್ನ ಮಹತ್ಕೃತಿ ಕುಕ್ಕೆ ತುಂಬಿಸುತ್ತಿದೆ ಎಂದು ಕೇಳಿ ನಾನು ಹಿಗ್ಗಿದೆ. ಅದರಲ್ಲಿ ಚೆಲುವಮ್ಮ ಎಂಬ ಹೆಂಗಸಿನ ಕಥೆ ಇತ್ತೆಂದು ನನಗೆ ತಿಳಿದದ್ದೇ ಹಾಲಿನ ಹೆಂಗಸರು ಗೇಟಿನ ಹತ್ತಿರ ಅವಳ ಮೈದುನನನ್ನು ಶಪಿಸುವುದು ಕಿವಿಗೆ ಬಿದ್ದಾಗ. ಎಂಟು ಹತ್ತು ದಿನವಾಗಿತ್ತೋ ಏನೋ, ಜಲಜಕ್ಕ ಪುಸ್ತಕ ಹಿಡಿದುಕೊಂಡು ಆಫೀಸಿಗೆ ಬಂದರು. ಜತೆಗೆ ಮೂರು ನಾಲ್ಕು ಹೆಂಗಸರು ಬಾಗಿಲಲ್ಲೇ ನಿಂತರು. ಪುಸ್ತಕದಲ್ಲಿ ಮುನ್ನೂರ ಇಪ್ಪತ್ತನೆಯ ಪುಟ ಆದ ಮೇಲೆ ಮುನ್ನೂರ ಮೂವತ್ತೇಳು ಇತ್ತು. ನಡುವಿನ ಹದಿನಾರು ಪುಟ ಬೈಂಡು ಮಾಡುವಾಗಲೇ ಬಿಟ್ಟುಹೋಗಿತ್ತು.

ಮುನ್ನೂರ ಇಪ್ಪತ್ತರಲ್ಲಿ ಚೆಲುವಮ್ಮ ಮೈದುನನ ಹಿಂಸೆ ತಾಳದೆ ಹಸುಗೂಸನ್ನು ಸೆರಗಿನಲ್ಲಿ ಕಟ್ಟಿಕೊಂಡು ದೋಣಿ ಕಾಯುತ್ತ ಹೊಳೆಯ ದಂಡೆಯಲ್ಲಿ ನಿಂತಿದ್ದಾಳೆ. ಹೊಳೆ ತುಂಬಿದೆ. ಮುನ್ನೂರ ಮೂವತ್ತೇಳರಲ್ಲಿ ಯಾವುದೋ ಪೇಟೆಯಲ್ಲಿ ಒಬ್ಬಳೇ ಕೂತು ದೋಸೆ ಹುಯ್ಯುತ್ತಿದ್ದಾಳೆ. ಮಗುವಿನ ಸುದ್ದಿಯೇ ಇಲ್ಲ.

"ನೀವು ಓದಿದೀರಲ್ಲ ಸಾರ್, ಮಗು ಏನಾಯ್ತು ಅಂತ ಒಂಚೂರು ಹೇಳಿ" ಎಂದರು ಜಲಜಕ್ಕ.

ಈಗ ಯೋಚಿಸಿದರೆ ಅದೆಷ್ಟು ಸುಲಭವಾಗಿತ್ತು! ನಾನು ಓದಿಲ್ಲ ಜಲಜಕ್ಕ ಎಂದು ಮೂರು ಪದ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಆಚೆ ಮೇಜಿನಲ್ಲಿ ಅಕೌಂಟೆಂಟರು ಕಿವಿ ನಿಮಿರಿಸಿಕೊಂಡಿದ್ದರು, ಈಚೆ ಟೆಲಿಫೋನಿನ ಹುಡುಗಿ ನೋಡುತ್ತಿದ್ದಳು, ಗೇಟಿನ ಬೋರ್ಡಿನ ಮೇಲೆ ನನ್ನ ದುರಂತ ಪ್ರಜ್ಞೆ ನೇತಾಡುತ್ತಿತ್ತು. ದುರಂತ ಎಂದ ಮೇಲೆ ಯಾರಾದರೂ ಸಾಯಲೇಬೇಕಲ್ಲ? ನಾನು ಪೆನ್ನು ಕೆಳಗಿಟ್ಟು, ಕನ್ನಡಕ ತೆಗೆದು, ಮಗು ದೋಣಿಯಲ್ಲೇ ತೀರಿಕೊಳ್ಳುತ್ತದೆ ಎಂದೆ. ಅಷ್ಟಕ್ಕೇ ಸುಮ್ಮನಾಗಲಿಲ್ಲ. ಜ್ವರ ಏರಿತು, ನಡುಹೊಳೆಯಲ್ಲಿ ಉಸಿರು ನಿಂತಿತು, ಚೆಲುವಮ್ಮ ತಾನೇ ಅದನ್ನು ನೀರಿಗೆ ಬಿಟ್ಟಳು, ಲೇಖಕರು ಆ ಭಾಗವನ್ನು ಬಹಳ ಕಲಾತ್ಮಕವಾಗಿ ನಿರ್ವಹಿಸಿದ್ದಾರೆ ಎಂದೂ ಹೇಳಿದೆ. ಬಾಗಿಲಲ್ಲಿ ನಿಂತವರು ಸೆರಗಿನಿಂದ ಮುಖ ಒರೆಸಿಕೊಂಡು ಹೋದರು. ನಾನು ಆ ದಿನ ತೃಪ್ತಿಯಿಂದ ಎರಡು ಕಾಫಿ ಕುಡಿದೆ.

ಬಾಗಿಲಲ್ಲಿ ನಿಂತವರಲ್ಲಿ ಗಿರಿಜಾ ಎಂಬುವಳಿದ್ದಳು. ಹಿಂದಿನ ಮಳೆಗಾಲದಲ್ಲಿ ಅವಳ ಮೂರು ತಿಂಗಳ ಮಗು ಜ್ವರ ಬಂದು ತೀರಿಕೊಂಡಿತ್ತು. ನನಗದು ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಮನುಷ್ಯನೂ ನಾನಾಗಿರಲಿಲ್ಲ. ಮರುದಿನದಿಂದ ಗಿರಿಜಾ ತನ್ನ ಮೊರ ಎತ್ತಿಕೊಂಡು ಹಾಲಿನ ಆ ತುದಿಗೆ, ಓದು ಕೇಳಿಸದಷ್ಟು ದೂರಕ್ಕೆ ಹೋಗಿ ಕೂತಳಂತೆ. ಕರೆದರೂ ಬರಲಿಲ್ಲವಂತೆ. ಇದೂ ನನಗೆ ಆಮೇಲೆ ತಿಳಿದದ್ದು.

ಮತ್ತೆ ಏಳೆಂಟು ದಿನ ಕಳೆದಿರಬೇಕು. ಕರೆಂಟು ಹೋಗಿ ಓದು ನಡೆಯುವ ಹೊತ್ತಿನಲ್ಲಿ ಹಾಲಿನಿಂದ ಒಮ್ಮೆಲೇ ಗದ್ದಲ ಕೇಳಿಸಿತು. ಯಾರೋ ಗಿರಿಜಾಳ ಹೆಸರು ಹಿಡಿದು ಕೂಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಜಲಜಕ್ಕ ಪುಸ್ತಕದ ನಡುವೆ ಬೆರಳಿಟ್ಟುಕೊಂಡು ಆಫೀಸಿಗೆ ಬಂದರು. ಈ ಸಲ ಒಬ್ಬರೇ ಬಂದರು. ನನ್ನ ಮೇಜಿನ ಹತ್ತಿರ ನಿಂತು, ಉಳಿದವರಿಗೆ ಕೇಳಿಸದಷ್ಟು ತಗ್ಗಿದ ದನಿಯಲ್ಲಿ ಹೇಳಿದರು.

"ಮಗು ಬದುಕಿದೆ ಸಾರ್."

ಬೆರಳಿಟ್ಟ ಜಾಗ ತೆಗೆದು ತೋರಿಸಿದರು. ಐನೂರ ಅರವತ್ತನೆಯ ಪುಟದಲ್ಲಿ ಹದಿನೆಂಟು ವರ್ಷದ ಹುಡುಗನೊಬ್ಬ ಚೆಲುವಮ್ಮನ ಹೋಟೆಲಿಗೆ ಬಂದು, ತನ್ನನ್ನು ಸಾಕಿದ ದೋಣಿಯವನ ಹೆಸರು ಹೇಳಿ, ಅವ್ವ ಎನ್ನುತ್ತಾನೆ. ನಾನು ಆ ಪುಟವನ್ನು ಓದಿದೆ. ಮತ್ತೆ ಓದಿದೆ. ತಲೆ ಎತ್ತಲು ಆಗಲಿಲ್ಲ. ಬೇರೆ ಮುದ್ರಣದಲ್ಲಿ ಬೇರೆ ಥರ ಇರಬಹುದು ಎಂದೇನೋ ಗೊಣಗಿದೆ. ನೋಡಿ, ಅಷ್ಟಾದ ಮೇಲೂ ನನ್ನ ನಾಲಿಗೆ ಸುಮ್ಮನಿರಲಿಲ್ಲ.

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಬಾಯಿ ಬರುತ್ತಿತ್ತು. "ಓದಿಲ್ಲ ಅಂದಿದ್ರೆ ಆಗಿತ್ತು. ಏನೋ ಒಂದು ನಾವೇ ಅಂದ್ಕಂಡು ಮುಂದೆ ಓದ್ತಿದ್ವಿ. ಆ ಗಿರಿಜಾ ಎಂಟು ದಿನದಿಂದ ಸರಿ ಊಟ ಮಾಡಿಲ್ಲ" ಎಂದರು. ಪುಸ್ತಕ ಎತ್ತಿಕೊಂಡು ಹೋದರು.

ಇಲ್ಲದ ಸಾವೊಂದನ್ನು ಹುಟ್ಟಿಸಿ, ಮಗು ಕಳೆದುಕೊಂಡ ತಾಯಿಯ ತಟ್ಟೆಗೆ ಮಣ್ಣು ಹಾಕಿದ್ದೆ. ಯಾಕೆ? ಅಕೌಂಟೆಂಟರ ಮುಂದೆ ನನ್ನ ಬಿ.ಎ. ಸಣ್ಣದಾಗಬಾರದು ಎಂದು. ನನಗೆ ಅಂದು ಆದ ನಾಚಿಕೆ ಇಂದಿಗೂ ಹೋಗಿಲ್ಲ, ಹೋಗುವುದೂ ಬೇಡ. ಓದದ ಪುಸ್ತಕವನ್ನು ಹೊಗಳಿದರೆ ಯಾರ ಗಂಟೇನು ಹೋಗುತ್ತದೆ ಎಂದು ಕೇಳುವವರು ಸಿಕ್ಕಾಗಲೆಲ್ಲ ನನಗೆ ಹಾಲಿನ ತುದಿಯಲ್ಲಿ ಗೋಡೆಗೆ ಮುಖ ಮಾಡಿ ಕೂತವಳ ನೆನಪಾಗುತ್ತದೆ. ಬಣ್ಣದ ಚೀಟಿಗೆ ಹೆಸರು ಹಾಕುವ ಆ ಕಪ್ಪು ಒರೆಸುವವನಿಗೆ ಇದನ್ನು ಹೇಳಿ ಬರಬೇಕಿತ್ತು. ಅವನು ನಕ್ಕು ಇನ್ನೊಂದು ಕಾಫಿ ಬೇಕೆ ಎನ್ನುತ್ತಿದ್ದ, ಅಷ್ಟೆ.

ಆ ಬೇಸಿಗೆಯ ಕೊನೆಗೆ ಪುಸ್ತಕ ವಾಪಸು ಬಂದಾಗ ಮೊದಲ ಪುಟದಿಂದ ಕೊನೆಯವರೆಗೆ, ಇಲ್ಲದ ಹದಿನಾರು ಪುಟ ಬಿಟ್ಟು, ಓದಿದೆ. ಮಹತ್ಕೃತಿಯೇನೂ ಅಲ್ಲ. ನಡುವೆ ನೂರು ಪುಟ ವಿನಾಕಾರಣ ಜಾಗದ ವರ್ಣನೆ, ಮೈದುನ ಮನಸ್ಸು ಬದಲಿಸುವುದು ನಂಬುವ ಹಾಗಿಲ್ಲ. ಆದರೆ ಚೆಲುವಮ್ಮ ದೋಸೆ ಹುಯ್ಯುತ್ತ ಬೀದಿ ನೋಡುವ ಪುಟಗಳು ತುಂಬ ಚೆನ್ನಾಗಿವೆ. ಹೊಸ ಚೀಟಿಯಲ್ಲಿ ಇದನ್ನೇ ಬರೆದೆ. ದೋಷದ ಕಾಲಮ್ಮಿನಲ್ಲಿ ಜಾಗ ಸಾಲದೆ ಷರಾದವರೆಗೂ ಹೋಯಿತು. ಹಿಂದೆ ಓದದೆ ಹೊಗಳಿದ್ದೆ ಎಂದೂ ಸೇರಿಸಿದೆ. ಯಾರೋ ಹೇಳಿದ್ದು ಕೇಳಿ ಮ್ಯಾನೇಜರು ಕರೆಸಿಕೊಂಡು, ಶಿಫಾರಸು ಎಂದರೆ ಪಾಸಿಟಿವ್ ಆಗಿರಬೇಕು ಕಣ್ರೀ ಎಂದು ಜಗತ್ತನ್ನು ಗೆದ್ದವರ ಉದಾಹರಣೆ ಕೊಟ್ಟರು. ತೆಗೆಯುತ್ತೇನೆ ಎಂದು ಹೇಳಿ ತೆಗೆಯಲಿಲ್ಲ. ಆ ಬೋರ್ಡು ಓದುವ ಅಭ್ಯಾಸ ಅವರಿಗೂ ಇರಲಿಲ್ಲವಾದ್ದರಿಂದ ಅದು ಅಲ್ಲೇ ಉಳಿಯಿತು.

ಜಲಜಕ್ಕ ಇನ್ನು ಬರಲಾರರು ಎಂದುಕೊಂಡಿದ್ದೆ. ಮುಂದಿನ ಬೇಸಿಗೆಗೆ ಬಂದರು. ಆದರೆ ಕೊಡುಕೊಳ್ಳುವ ಕ್ರಮ ಬದಲಾಗಿತ್ತು. ನಾನು ಪುಸ್ತಕ ಮುಂದಿಟ್ಟರೆ ಅವರು ಮಾತಾಡದೆ ನಡುವೆ ಎಲ್ಲೋ ಒಂದು ಕಡೆ ತೆರೆದು, ಬೆರಳಿಟ್ಟು, ಎರಡು ಸಾಲು ಓದಿ, ಇಲ್ಲಿ ಏನಾಗುತ್ತದೆ ಎಂದು ಕೇಳುವರು. ನಾನು ಹೇಳಬೇಕು. ನಾನು ಹೇಳಿದ್ದನ್ನು ಮುಂದಿನ ಪುಟದಲ್ಲಿ ಅಲ್ಲೇ ನಿಂತು ತಾಳೆ ನೋಡುವರು. ಸರಿ ಇದ್ದರೆ ಪುಸ್ತಕ ಕಂಕುಳಿಗೆ, ಇಲ್ಲದಿದ್ದರೆ ಮೇಜಿಗೆ. ಅಕೌಂಟೆಂಟರು ಈ ಪರೀಕ್ಷೆ ನೋಡಿ, ಬಿ.ಎ. ಪಾಸಾದ ಮೇಲೂ ವೈವಾ ಬಿಡಲಿಲ್ಲವಲ್ಲ ಮಾರಾಯ ಎಂದು ನಗುತ್ತಿದ್ದರು. ನಗಲಿ. ಆ ಬೆರಳಿನ ಹೆದರಿಕೆಗೆ ನಾನು ಜೀವನದಲ್ಲಿ ಮೊದಲ ಬಾರಿಗೆ ಪುಸ್ತಕಗಳನ್ನು ಪೂರ್ತಿ ಓದತೊಡಗಿದೆ. ಸಾಮಾಜಿಕ ಕಾದಂಬರಿ ಓದಿದೆ, ಪ್ರವಾಸಕಥನ ಓದಿದೆ, ಬೇಟೆಯ ಅನುಭವ ಓದಿದೆ. ಪತ್ತೇದಾರಿಯನ್ನೂ ಓದಿ ಅಡುಗೆಯವನನ್ನು ನಿರ್ದೋಷಿಯೆಂದು ಬಿಡಿಸಿದೆ. ಟೆಲಿಫೋನಿನ ಹುಡುಗಿ ಹೇಳಿದ ಒಂದು ಪುಸ್ತಕಕ್ಕೆ ನನಗೂ ಕಣ್ಣೀರು ತಡೆಯಲಾಗಲಿಲ್ಲ. ಅವಳಿಗೆ ಇದನ್ನು ಹೇಳುವಷ್ಟು ದೊಡ್ಡ ಮನಸ್ಸು ಮಾತ್ರ ಬರಲಿಲ್ಲ.

ಇನ್ನೊಂದು ಸೋಜಿಗ ಕಂಡೆ. ದೋಷ ಬರೆದ ಪುಸ್ತಕಗಳೇ ಹಾಲಿಗೆ ಬೇಗ ಹೋಗುತ್ತಿದ್ದವು. ಇದರ ನಾಯಕ ಪೆದ್ದ ಎಂದು ಬರೆದರೆ, ಎಷ್ಟು ಪೆದ್ದ ನೋಡಿಯೇ ಬಿಡುವ ಎಂದು ಒಯ್ಯುವರು. ಗಿರಿಜಾ ಮತ್ತೆ ಸಾಲಿಗೆ ಬಂದು ಕೂತಿದ್ದಳು. ನನ್ನನ್ನು ಕಂಡರೆ ಮಾತ್ರ ತಲೆ ಬಗ್ಗಿಸಿ ನಡೆಯುತ್ತಿದ್ದಳು. ಅವಳಲ್ಲಿ ತಪ್ಪಾಯಿತು ಎನ್ನಬೇಕೆಂದು ಎಷ್ಟೋ ದಿನ ಹಾಲಿನ ಬಾಗಿಲವರೆಗೆ ಹೋಗಿ, ಸುಮ್ಮನೆ ಚೀಲ ಎಣಿಸಿದಂತೆ ಮಾಡಿ ಬಂದಿದ್ದೇನೆ.

ಹೀಗೇ ಆರು ಬೇಸಿಗೆ ಕಳೆದವು. ಬೆರಳು ಇಡುವುದು ಒಂದು ದಿನವೂ ತಪ್ಪಲಿಲ್ಲ. ನನಗೆ ಒಳಗೊಳಗೇ ಒಂದೇ ಆಸೆ. ಒಂದು ದಿನ, ಒಂದೇ ಒಂದು ದಿನ, ಈ ಹೆಂಗಸು ಕೇಳದೆ ಪುಸ್ತಕ ತೆಗೆದುಕೊಂಡು ಹೋಗಬೇಕು. ನನ್ನ ಮಾತಿಗೆ ಮತ್ತೆ ಬೆಲೆ ಬಂತು ಎಂದು ಆಗ ತಿಳಿಯುತ್ತೇನೆ ಎಂದುಕೊಂಡಿದ್ದೆ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಬೆಂಗಳೂರಿನಲ್ಲಿ ಬಹುಮಾನವೊಂದನ್ನು ಪಡೆದಿದ್ದ ಹೊಸ ಕಾದಂಬರಿಯನ್ನು ಮಾಲೀಕರೇ ತಂದುಕೊಟ್ಟರು. ತಿಂಗಳ ಕೊನೆ, ರವಾನೆಯ ಗಡಿಬಿಡಿ, ಓದಲು ಪುರುಸೊತ್ತಿಲ್ಲ, ಬೋರ್ಡು ಖಾಲಿ. ಮಾಲೀಕರ ಪುಸ್ತಕ, ಒಂದು ಸಲಕ್ಕೆ ಏನಾಯಿತು ಎಂದು ಹಳೆಯ ಕೊಳವೆ ಹೊರಗೆ ತೆಗೆದೆ. ಮೇಲೊಂದು, ನಡುವೊಂದು, ಕೆಳಗೊಂದು ಚುಚ್ಚಿ, ಮನಸ್ಸು ತುಂಬಿ ಹೊಗಳಿ ಚೀಟಿ ಹಚ್ಚಿದೆ. ಮಧ್ಯಾಹ್ನ ಜಲಜಕ್ಕ ಬಂದರು. ಅವರು ಬೆರಳಿಡುವ ಮೊದಲೇ ಬಾಯಲ್ಲೂ ಹೊಗಳತೊಡಗಿದೆ. ಇಂಥದು ಹತ್ತು ವರ್ಷದಲ್ಲಿ ಬಂದಿಲ್ಲ ಎಂದೆ, ಭಾಷೆ ಎಂದೆ, ಜೀವನದರ್ಶನ ಎಂದೆ. ಅವರು ಮುಗಿಯುವವರೆಗೂ ತಾಳ್ಮೆಯಿಂದ ಕೇಳಿದರು. ಆಮೇಲೆ ಪುಸ್ತಕವನ್ನು ತೆರೆಯದೆಯೇ ಕಂಕುಳಿಗಿಟ್ಟುಕೊಂಡು ನಡೆದುಬಿಟ್ಟರು.

ನಾನು ಕೂತಲ್ಲೇ ಹಿಗ್ಗಿ ಹೀರೇಕಾಯಿಯಾದೆ. ಕೊನೆಗೂ ಬಂತಲ್ಲ ಆ ದಿನ! ಮರುಕ್ಷಣವೇ ಕಳವಳ. ಬಂದದ್ದೂ ಬಂತು, ಓದದ ಪುಸ್ತಕಕ್ಕೇ ಬರಬೇಕಿತ್ತೆ? ನಡುವೆ ಪುಟ ಇಲ್ಲದಿದ್ದರೆ? ಯಾರಾದರೂ ಸತ್ತಿದ್ದರೆ? ಗಿರಿಜಾ ಕೂತಿರುತ್ತಾಳೆ. ಎದ್ದು, ಬಿರಬಿರನೆ ಹಾಲಿನತ್ತ ನಡೆದೆ. ಕರೆಂಟು ಹೋಗಿತ್ತು. ಹೆಂಗಸರು ಮೊರ ಎಳೆದುಕೊಂಡು ಓದಿಗೆ ಕಾಯುತ್ತಿದ್ದರು. ಜಲಜಕ್ಕ ಬಾಗಿಲು ದಾಟುವವರಿದ್ದರು. ಇವತ್ತು ಏನೂ ಕೇಳಲೇ ಇಲ್ಲವಲ್ಲ ಜಲಜಕ್ಕ ಎಂದೆ. ನಿಜ ಹೇಳಿಬಿಡಬೇಕೆಂದೇ ಹೋಗಿದ್ದೆ, ಬಾಯಿಗೆ ಬಂದದ್ದು ಅಷ್ಟೇ.

ಅವರು ದಾರ ಕಟ್ಟಿದ ಕನ್ನಡಕವನ್ನು ಏರಿಸಿಕೊಂಡು ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ.

"ಓದಿರೋ ಪುಸ್ತಕನ ನೀವು ಇಷ್ಟೆಲ್ಲ ಹೊಗಳಲ್ಲ ಸಾರ್" ಎಂದರು. "ಇರ್ಲಿ ಬಿಡಿ, ನಾವು ಓದ್ತೀವಿ. ಚೆನ್ನಾಗಿದ್ರೆ ನಿಮಗೆ ಹೇಳ್ತೀನಿ."